ಕಲ್ಲಿಕೋಟೆಯ ಇಎಂಎಸ್ ಕಾರ್ಪೊರೇಷನ್ ಸ್ಟೇಡಿಯಂ: ಇತಿಹಾಸ, ಸೌಲಭ್ಯ, ಹೋಗೋ ದಾರಿ – ಪೂರ್ತಿ ಮಾಹಿತಿ

ಮಂಗಳೂರು, ಕಾಸರಗೋಡು ಕಡೆಯ ಫುಟ್‌ಬಾಲ್ ಪ್ರೇಮಿಗಳಿಗೆ ರೈಲು ಹತ್ತಿದರೆ ಅರ್ಧ ದಿನದೊಳಗೆ ಮುಟ್ಟಬಹುದಾದ ದೊಡ್ಡ ಫುಟ್‌ಬಾಲ್ ಗ್ಯಾಲರಿ ಕಲ್ಲಿಕೋಟೆಯಲ್ಲಿದೆ. ಹೆಸರು ಇಎಂಎಸ್ ಕಾರ್ಪೊರೇಷನ್ ಸ್ಟೇಡಿಯಂ. ಇದು ಯಾವ ಕ್ಲಬ್ಬಿನದ್ದೂ ಅಲ್ಲ, ಯಾವ ಕಂಪನಿಯದ್ದೂ ಅಲ್ಲ. ಕಸ ಎತ್ತುವ, ರಸ್ತೆ ಗುಂಡಿ ಮುಚ್ಚುವ, ಬೀದಿ ದೀಪ ಹಾಕುವ ಕೋಳಿಕ್ಕೋಡ್ ಮಹಾನಗರ ಪಾಲಿಕೆಯೇ ಇದರ ಮಾಲೀಕ.

1977ರಲ್ಲಿ ಕಟ್ಟಿದ ಈ ಸ್ಟೇಡಿಯಂನಲ್ಲಿ ಸೋವಿಯತ್ ಯೂನಿಯನ್ ತಂಡ ಆಡಿ ಕಪ್ ಎತ್ತಿದೆ. ಬೆಂಗಳೂರು ಎಫ್‌ಸಿ ಫೈನಲ್ ಸೋತಿದೆ. ವರ್ಷಗಟ್ಟಲೆ ದೊಡ್ಡ ಪಂದ್ಯವೇ ಇಲ್ಲದೆ ಬಣಗುಟ್ಟಿದ್ದೂ ಉಂಟು. ದೊಡ್ಡ ಟೂರ್ನಿ ಬಂದಾಗ ಬಣ್ಣ ಬಳಿಸಿಕೊಂಡು, ಟೂರ್ನಿ ಹೋದ ಮೇಲೆ ಮತ್ತೆ ಹಳೇ ಸ್ಥಿತಿಗೆ ಬರುವುದು ಈ ಮೈದಾನದ ಹಣೆಬರಹ ಅನ್ನುವ ಹಾಗಿತ್ತು. ಅದು ಬದಲಾಗಿದ್ದು ಇಲ್ಲಿ ಪ್ರತಿ ವರ್ಷ ಹೋಮ್ ಮ್ಯಾಚ್ ಆಡುವ ತಂಡಗಳು ಬಂದ ಮೇಲೆ.

ಒಂದೇ ನೋಟದಲ್ಲಿ

- ಹೆಸರು: ಇಎಂಎಸ್ ಕಾರ್ಪೊರೇಷನ್ ಸ್ಟೇಡಿಯಂ
- ಎಲ್ಲಿ: ರಾಜಾಜಿ ರಸ್ತೆ, ಕಲ್ಲಿಕೋಟೆ ನಗರದ ಮಧ್ಯಭಾಗ
- ಮಾಲೀಕರು: ಕೋಳಿಕ್ಕೋಡ್ ಮಹಾನಗರ ಪಾಲಿಕೆ
- ನಿರ್ಮಾಣ: 1977
- ಸಾಮರ್ಥ್ಯ: ಸುಮಾರು 50,000
- ನೆಲ: ನೈಸರ್ಗಿಕ ಹುಲ್ಲು
- ಇಲ್ಲಿ ಆಡಿದ ಹೋಮ್ ತಂಡಗಳು: ಗೋಕುಲಂ ಕೇರಳ ಎಫ್‌ಸಿ, ಕ್ಯಾಲಿಕಟ್ ಎಫ್‌ಸಿ

ಎಲ್ಲಿದೆ?

ಈಗ ಹೊಸ ಸ್ಟೇಡಿಯಂಗಳನ್ನೆಲ್ಲ ಊರಿನಾಚೆ, ಬೈಪಾಸ್ ಪಕ್ಕ ಕಟ್ತಾರೆ. ಮಲಪ್ಪುರಂ ಜಿಲ್ಲೆಯ ಮಂಜೇರಿ ಹತ್ತಿರದ ಪಯ್ಯನಾಡು ಸ್ಟೇಡಿಯಂಗೆ ಹೋದವರಿಗೆ ಇದು ಗೊತ್ತಿರುತ್ತದೆ, ಪೇಟೆ ಬಿಟ್ಟು ಹೋಗಬೇಕು. ಕಲ್ಲಿಕೋಟೆಯದ್ದು ಹಾಗಲ್ಲ. ಮೊಫ್ಯುಸಿಲ್ ಬಸ್‌ಸ್ಟ್ಯಾಂಡ್‌ನಿಂದ ನಡೆದುಕೊಂಡೇ ಹೋಗಬಹುದು. ಮಾವೂರು ರಸ್ತೆ ಪಕ್ಕದಲ್ಲೇ. ಮಾನಾಂಚಿರ ಚೌಕ, ಹಲ್ವಾ ಅಂಗಡಿಗಳ ಮಿಠಾಯಿ ತೆರು, ರೈಲ್ವೆ ಸ್ಟೇಷನ್ ಯಾವುದೂ ದೂರವಿಲ್ಲ.

ಹಾಗಾಗಿ ಮ್ಯಾಚ್ ನೋಡಲಿಕ್ಕೆ ಇಲ್ಲಿ ಸ್ವಂತ ಗಾಡಿ ಬೇಕೆಂದಿಲ್ಲ. ಸಂಜೆ ಅಂಗಡಿ ಬಾಗಿಲು ಹಾಕಿದ ಕೆಲಸದವರು, ಕಾಲೇಜು ಬಿಟ್ಟ ಹುಡುಗರು, ಹಳ್ಳಿ ಕಡೆಯಿಂದ ಬಸ್ಸಲ್ಲಿ ಬಂದವರು ನೇರವಾಗಿ ಗ್ಯಾಲರಿ ಹತ್ತಬಹುದು. ಅದೇ ಕಾರಣಕ್ಕೆ ಮ್ಯಾಚ್ ಮುಗಿದ ಹೊತ್ತಿಗೆ ಸುತ್ತಲಿನ ರಸ್ತೆಗಳು ಜಾಮ್ ಆಗೋದೂ ಖಚಿತ.

ಸ್ಟೇಡಿಯಂಗಿಂತ ಮೊದಲು: ಮಾನಾಂಚಿರ ಮತ್ತು ನಾಗ್ಜೀ

ಕಲ್ಲಿಕೋಟೆಯಲ್ಲಿ ಮೊದಲು ಬಂದದ್ದು ಫುಟ್‌ಬಾಲ್, ಸ್ಟೇಡಿಯಂ ಬಂದದ್ದು ಆಮೇಲೆ. ಸಾಮೂದಿರಿ ಅರಸರ ಕಾಲದ ಮಾನಾಂಚಿರ ಕೆರೆಯ ಪಕ್ಕದ ಬಯಲು ಆಗಿನ ಮುಖ್ಯ ಫುಟ್‌ಬಾಲ್ ಮೈದಾನ. ಈಗ ಅದು ಉದ್ಯಾನ, ಚೌಕ ಆಗಿ ಬದಲಾಗಿದೆ. ಆಗ ದೊಡ್ಡ ಟೂರ್ನಿ ಬಂತೆಂದರೆ ಬಿದಿರು, ಮರದ ಹಲಗೆಯ ತಾತ್ಕಾಲಿಕ ಗ್ಯಾಲರಿ ಎಬ್ಬಿಸ್ತಿದ್ದರು. ಟೂರ್ನಿ ಮುಗಿದ ಮೇಲೆ ಬಿಚ್ಚಿ ಇಡ್ತಿದ್ದರು.

ಆ ಟೂರ್ನಿಗಳಲ್ಲಿ ದೊಡ್ಡ ಹೆಸರು ಸೇಠ್ ನಾಗ್ಜೀ ಅಮರ್ಸಿ ಸ್ಮಾರಕ ಟೂರ್ನಿ. ವ್ಯಾಪಾರಕ್ಕಾಗಿ ಕಲ್ಲಿಕೋಟೆಗೆ ಬಂದು ನೆಲೆಸಿದ ಗುಜರಾತಿ ಕುಟುಂಬಗಳು ಕಡಲ ದಂಡೆ ಹತ್ತಿರದ ಗುಜರಾತಿ ಬೀದಿಯಲ್ಲಿ ಇವತ್ತಿಗೂ ಇವೆ. ಅಂಥ ಒಬ್ಬ ವ್ಯಾಪಾರಿಯ ನೆನಪಿಗೆ 1952ರಲ್ಲಿ ಈ ಟೂರ್ನಿ ಶುರುವಾಯಿತು. ದೇಶದ ದೊಡ್ಡ ದೊಡ್ಡ ತಂಡಗಳು ಇದಕ್ಕಾಗಿ ರೈಲು ಹತ್ತಿ ಮಲಬಾರಿಗೆ ಬರ್ತಿದ್ದವು. ಜನರ ಬಾಯಲ್ಲಿ ಇದು ಬರೀ ‘ನಾಗ್ಜೀ’.

ಇದೇ ಊರಿನಿಂದ ಬಂದ ಡಿಫೆಂಡರ್ ಒಬ್ಬರು 1956ರ ಮೆಲ್ಬರ್ನ್ ಒಲಿಂಪಿಕ್ಸ್ ಆಡಿದ ಭಾರತ ತಂಡದಲ್ಲಿದ್ದರು. ಭಾರತ ನಾಲ್ಕನೇ ಸ್ಥಾನ ಪಡೆದ ಒಲಿಂಪಿಕ್ಸ್ ಅದು. ಊರಿನವರು ಕೊನೆವರೆಗೂ ಅವರನ್ನು ‘ಒಲಿಂಪಿಯನ್ ರಹಮಾನ್’ ಅಂತಲೇ ಕರೆದರು.

ಇದರ ಜೊತೆಗೆ ಸೆವೆನ್ಸ್ ಬೇರೆ. ಏಳೇಳು ಜನ ಆಡುವ ಈ ಆಟ ಕುಯ್ಲು ಮುಗಿದ ಗದ್ದೆಗಳಲ್ಲಿ, ಚಿಕ್ಕ ಮೈದಾನಗಳಲ್ಲಿ ಮಲಬಾರಿನ ಉದ್ದಕ್ಕೂ ನಡೀತದೆ. ಕಾಸರಗೋಡಿನ ತೃಕ್ಕರಿಪುರ ಕಡೆಯವರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಅಲ್ಲಿ ಇವತ್ತಿಗೂ ತಾತ್ಕಾಲಿಕ ಗ್ಯಾಲರಿಯೇ ಗತಿ. ಅದರ ಅಪಾಯ ಏನು ಅಂತ 2022ರ ಮಾರ್ಚ್‌ನಲ್ಲಿ ಮಲಪ್ಪುರಂ ಜಿಲ್ಲೆಯ ಪೂಂಗೋಡಿನಲ್ಲಿ ಗೊತ್ತಾಯಿತು. ಸೆವೆನ್ಸ್ ಫೈನಲ್ ವೇಳೆ ಗ್ಯಾಲರಿ ಕುಸಿದು ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಸಾವಿರಾರು ಜನ ಒಟ್ಟಿಗೆ ಎದ್ದು ಕುಣಿಯುವ ಆಟಕ್ಕೆ ಕಾಂಕ್ರೀಟ್ ಗ್ಯಾಲರಿ ಯಾಕೆ ಬೇಕು ಅನ್ನೋದಕ್ಕೆ ಬೇರೆ ವಿವರಣೆ ಬೇಡ.

1977: ಪಾಲಿಕೆ ಕಟ್ಟಿದ ಸ್ಟೇಡಿಯಂ

ಕಲ್ಲಿಕೋಟೆಗೆ ಪುರಸಭೆ ಬಂದದ್ದು 1866ರಲ್ಲಿ. ಅದು ಮಹಾನಗರ ಪಾಲಿಕೆ ಆದದ್ದು 1962ರಲ್ಲಿ. ಅದಾಗಿ 15 ವರ್ಷಕ್ಕೆ, 1977ರಲ್ಲಿ, ಪಾಲಿಕೆಯ ಸ್ವಂತ ಸ್ಟೇಡಿಯಂ ಎದ್ದು ನಿಂತಿತು. ನಾಗ್ಜೀ ಮಾನಾಂಚಿರದಿಂದ ಇಲ್ಲಿಗೆ ವಾಸ ಬದಲಿಸಿತು. ಆಗ ಇದರ ಹೆಸರು ಸೀದಾ ‘ಕಾರ್ಪೊರೇಷನ್ ಸ್ಟೇಡಿಯಂ’. ಹಳಬರು ಈಗಲೂ ಹಾಗೇ ಹೇಳ್ತಾರೆ.

ಇಎಂಎಸ್ ಹೆಸರು ಬಂದದ್ದು ಆಮೇಲೆ. ಇ.ಎಂ.ಎಸ್. ನಂಬೂದಿರಿಪ್ಪಾಡ್ ಕೇರಳದ ಮೊದಲ ಮುಖ್ಯಮಂತ್ರಿ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ಕಾಸರಗೋಡು ಬೇರೆಯಾಗಿ ಕೇರಳಕ್ಕೆ ಸೇರಿತಲ್ಲ, ಆ ಹೊಸ ರಾಜ್ಯದ ಮೊದಲ ಚುನಾಯಿತ ಸರ್ಕಾರ 1957ರ ಏಪ್ರಿಲ್‌ನಲ್ಲಿ ಅವರದ್ದೇ. 1998ರ ಮಾರ್ಚ್‌ನಲ್ಲಿ ಅವರು ತೀರಿಕೊಂಡರು.

ಪಾಲಿಕೆ ಸ್ಟೇಡಿಯಂ ಕಟ್ಟುವಾಗ ಒಂದು ಲೆಕ್ಕಾಚಾರ ಇತ್ತು. ಗ್ಯಾಲರಿ ಮೆಟ್ಟಿಲುಗಳ ಕೆಳಗಿನ ಜಾಗವನ್ನು ಅಂಗಡಿ ಕೋಣೆಗಳನ್ನಾಗಿ ಮಾಡುವುದು. ಹೊರಗಿನಿಂದ ನೋಡಿದರೆ ಸ್ಟೇಡಿಯಂನ ಸುತ್ತ ಅಂಗಡಿ ಸಾಲು ಕಾಣುವುದು ಅದಕ್ಕೇ. ಹೊಸದಾಗಿ ಬಂದವರಿಗೆ ಇದು ಸ್ಟೇಡಿಯಮ್ಮೋ, ಶಾಪಿಂಗ್ ಕಾಂಪ್ಲೆಕ್ಸೋ ಅಂತ ಗೊಂದಲ ಆಗುವುದೂ ಉಂಟು. ಮ್ಯಾಚ್ ಇಲ್ಲದ ದಿನವೂ ಬಾಡಿಗೆ ಬರಬೇಕು ಅನ್ನುವ ಯೋಚನೆ ಇದು. ನಮ್ಮ ಕಡೆ ತಾಲೂಕು, ಜಿಲ್ಲಾ ಕ್ರೀಡಾಂಗಣಗಳ ರಸ್ತೆ ಬದಿಯ ಗೋಡೆಗೆ ಮಳಿಗೆ ಕಟ್ಟಿ ಹರಾಜು ಹಾಕೋದು ಇದೇ ಲೆಕ್ಕದಲ್ಲಿ.

1980: ಏಷ್ಯಾದ ಮಹಿಳೆಯರು ಬಂದಾಗ

ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ವಿಷಯ. ಮಹಿಳಾ ಫುಟ್‌ಬಾಲ್ ಬಗ್ಗೆ ದೇಶದಲ್ಲಿ ಯಾರೂ ಮಾತಾಡದ ಕಾಲದಲ್ಲಿ, 1980ರ ಜನವರಿಯಲ್ಲಿ, ಏಷ್ಯನ್ ಮಹಿಳಾ ಚಾಂಪಿಯನ್‌ಶಿಪ್ ನಡೆದದ್ದು ಕಲ್ಲಿಕೋಟೆಯಲ್ಲಿ. ತೈವಾನ್ ಗೆದ್ದಿತು, ಭಾರತ ರನ್ನರ್ ಅಪ್. ಏಷ್ಯಾ ಮಟ್ಟದ ಆ ಟೂರ್ನಿಯಲ್ಲಿ ಭಾರತದ ಹುಡುಗಿಯರು ಫೈನಲ್ ತನಕ ಹೋಗಿದ್ದರು ಅಂದರೆ ಇವತ್ತು ನಂಬೋದು ಕಷ್ಟ.

1987: ಸೋವಿಯತ್ ಯೂನಿಯನ್ ಕಪ್ ಎತ್ತಿದ ಊರು

ನೆಹರೂ ಕಪ್ ಅಂತ ಒಂದು ಅಂತಾರಾಷ್ಟ್ರೀಯ ಟೂರ್ನಿ ಇತ್ತು. 1982ರಲ್ಲಿ ಕೋಲ್ಕತ್ತಾದಲ್ಲಿ ಶುರುವಾಗಿ, ನಂತರ ಊರಿಂದ ಊರಿಗೆ ಹೋಗ್ತಿತ್ತು. ಕೊಚ್ಚಿ, ತಿರುವನಂತಪುರ ಆದ ಮೇಲೆ 1987ರಲ್ಲಿ ಸರದಿ ಕಲ್ಲಿಕೋಟೆಗೆ ಬಂತು. ಫೈನಲ್‌ನಲ್ಲಿ ಬಲ್ಗೇರಿಯಾವನ್ನು ಸೋಲಿಸಿ ಸೋವಿಯತ್ ಯೂನಿಯನ್ ಚಾಂಪಿಯನ್ ಆಯಿತು.

ಟಿವಿಯಲ್ಲಿ ಯುರೋಪಿನ ಫುಟ್‌ಬಾಲ್ ದಿನಾ ಸಿಗುವ ಈ ಕಾಲದಲ್ಲಿ ಇದರ ತೂಕ ಅರ್ಥ ಆಗೋದು ಸ್ವಲ್ಪ ಕಷ್ಟ. ಆಗ ನಾಲ್ಕು ವರ್ಷಕ್ಕೊಮ್ಮೆ ದೂರದರ್ಶನದಲ್ಲಿ ವರ್ಲ್ಡ್ ಕಪ್ ನೋಡಿದರೆ ಹೆಚ್ಚು. ಆ ಕಾಲದಲ್ಲಿ ಒಂದು ನಗರ ಪಾಲಿಕೆಯ ಮೈದಾನಕ್ಕೆ ಯುರೋಪಿನ ರಾಷ್ಟ್ರೀಯ ತಂಡಗಳು ಬಂದು ಆಡಿದವು. ಕಲ್ಲಿಕೋಟೆಯಲ್ಲಿ ಹಿರಿಯರು ಫುಟ್‌ಬಾಲ್ ಮಾತು ತೆಗೆದರೆ ನೆಹರೂ ಕಪ್ ಬಾರದೆ ಇರೋದಿಲ್ಲ.

1995ರ ನಂತರ: ಖಾಲಿ ಗ್ಯಾಲರಿ

1995ರ ನಂತರ ನಾಗ್ಜೀ ನಿಂತು ಹೋಯಿತು. 1996ರಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಬಂತು. ದೊಡ್ಡ ಕ್ಲಬ್ಬುಗಳ ಸೀಸನ್ ಪೂರ್ತಿ ಲೀಗಿಗೇ ಹೋಗತೊಡಗಿತು. ಆಹ್ವಾನದ ಮೇಲೆ ತಂಡಗಳು ಬರುವ ಇಂಥ ಹಳೇ ಟೂರ್ನಿಗಳು ದೇಶದಾದ್ಯಂತ ಒಂದೊಂದಾಗಿ ಮಂಕಾದವು. ನಾಗ್ಜೀಯೂ ಅವುಗಳಲ್ಲಿ ಒಂದು.

ಆಮೇಲೆ ಸುಮಾರು 20 ವರ್ಷ ಈ ಸ್ಟೇಡಿಯಂಗೆ ತನ್ನದು ಅಂತ ಹೇಳಿಕೊಳ್ಳುವ ದೊಡ್ಡ ಟೂರ್ನಿ ಇರಲಿಲ್ಲ. ಜಿಲ್ಲಾ ಲೀಗ್ ಪಂದ್ಯ, ಸಭೆ, ಸಮಾರಂಭ ನಡೀತಿದ್ದವು. 50,000 ಜನ ಕೂರುವ ಗ್ಯಾಲರಿಯಲ್ಲಿ ನೂರಿನ್ನೂರು ಜನ ಕೂತರೆ ಹೇಗೆ ಕಾಣ್ತದೆ ಅಂತ ಯೋಚಿಸಿ. ಕಾಂಕ್ರೀಟಿಗೆ ಇದಕ್ಕಿಂತ ಕೆಟ್ಟ ಕಾಲ ಬೇರೆ ಇಲ್ಲ. ಬಳಸದ ಕೋಣೆಗೆ ನೀರು ಸೋರಿದರೆ ಯಾರಿಗೂ ಗೊತ್ತಾಗೋದಿಲ್ಲ. ಹುಲ್ಲಿಗೆ ದಿನಾ ನೀರು ಹಾಕಲಿಕ್ಕೆ ಕಾರಣವೇ ಇರೋದಿಲ್ಲ. ಮಲಬಾರಿನ ಮಳೆಗಾಲ ಎಂಥದ್ದು ಅಂತ ಕರಾವಳಿಯವರಿಗೆ ಹೇಳಬೇಕಿಲ್ಲ.

2015, 2016: ಎರಡು ವರ್ಷ, ಎರಡು ಅವಕಾಶ

2015ರ ಆರಂಭದಲ್ಲಿ ಕೇರಳಕ್ಕೆ 35ನೇ ರಾಷ್ಟ್ರೀಯ ಕ್ರೀಡಾಕೂಟ ಬಂತು. ಆ ಕೂಟದ ಫುಟ್‌ಬಾಲ್ ಸ್ಪರ್ಧೆ ಕಲ್ಲಿಕೋಟೆಗೆ ಸಿಕ್ಕಿತು. ಅದರ ಹೆಸರಲ್ಲಿ ಸ್ಟೇಡಿಯಂ ನವೀಕರಣವೂ ಆಯಿತು.

ಮರುವರ್ಷ ಫೆಬ್ರವರಿಯಲ್ಲಿ ನಾಗ್ಜೀ ಎರಡು ದಶಕದ ನಿದ್ದೆಯಿಂದ ಎದ್ದಿತು. ಈ ಸಲ ಬಂದದ್ದೆಲ್ಲ ವಿದೇಶಿ ತಂಡಗಳೇ. ಬ್ರೆಜಿಲಿನ ಅಟ್ಲೆಟಿಕೊ ಪರಾನೆನ್ಸ್, ಉಕ್ರೇನಿನ ನಿಪ್ರೊ, ಐರ್ಲೆಂಡಿನ ಶ್ಯಾಮ್ರಾಕ್ ರೋವರ್ಸ್, ರೊಮೇನಿಯಾದ ರಾಪಿಡ್ ಬುಕಾರೆಸ್ಟ್ ಹೀಗೆ. ಪ್ರಚಾರಕ್ಕಾಗಿ ಬ್ರೆಜಿಲಿನ ರೊನಾಲ್ಡಿನೊ ಜನವರಿಯಲ್ಲೇ ಕಲ್ಲಿಕೋಟೆಗೆ ಬಂದು ಹೋಗಿದ್ದರು. ಅವರನ್ನು ನೋಡಲಿಕ್ಕೆ ಸೇರಿದ ಜನ ನೋಡಿ ದೇಶಕ್ಕೇ ಆಶ್ಚರ್ಯ. ಫೈನಲ್‌ನಲ್ಲಿ ನಿಪ್ರೊ 3-0ರಿಂದ ಅಟ್ಲೆಟಿಕೊ ಪರಾನೆನ್ಸ್ ತಂಡವನ್ನು ಸೋಲಿಸಿತು.

ಎರಡೂ ವರ್ಷ ಆದದ್ದು ಒಂದೇ. ಕೂಟಕ್ಕೆ ಮುಂಚೆ ಓಡಾಟ, ದುರಸ್ತಿ, ಹೊಸ ಹುಲ್ಲು. ಕೂಟ ಮುಗಿದ ಮೇಲೆ ಮುಂದೇನು ಅನ್ನೋದಕ್ಕೆ ಉತ್ತರ ಇಲ್ಲ.

2017: ಮನೆ ತಂಡ ಬಂತು

ಉತ್ತರ ಸಿಕ್ಕಿದ್ದು 2017ರಲ್ಲಿ. ಆ ವರ್ಷ ಶುರುವಾದ ಗೋಕುಲಂ ಕೇರಳ ಎಫ್‌ಸಿ, 2017-18ರ ಐ-ಲೀಗ್‌ಗೆ ಇದನ್ನೇ ಹೋಮ್ ಗ್ರೌಂಡ್ ಮಾಡಿಕೊಂಡಿತು. ಈ ಸ್ಟೇಡಿಯಂಗೆ ಒಂದು ಕ್ಯಾಲೆಂಡರ್ ಸಿಕ್ಕಿತು. ಇಂಥ ತಾರೀಕು ಮೋಹನ್ ಬಗಾನ್, ಇಂಥ ತಾರೀಕು ಈಸ್ಟ್ ಬೆಂಗಾಲ್ ಅಂತ ಮೊದಲೇ ಗೊತ್ತು. ಆ ದಿನಕ್ಕೆ ಹುಲ್ಲು ರೆಡಿ ಇರಬೇಕು, ಲೈಟ್ ಉರೀಬೇಕು, ನಲ್ಲಿಯಲ್ಲಿ ನೀರು ಬರಬೇಕು.

ಗೋಕುಲಂ ಬೇಗ ಬೆಳೆಯಿತು. 2019ರಲ್ಲಿ ಡುರಾಂಡ್ ಕಪ್ ಗೆದ್ದಿತು. 2020ರ ಫೆಬ್ರವರಿಯಲ್ಲಿ ಅದರ ಮಹಿಳಾ ತಂಡ ಭಾರತೀಯ ಮಹಿಳಾ ಲೀಗ್ ಗೆದ್ದಿತು. ಆ ಫೈನಲ್ ನಡೆದದ್ದು ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂನಲ್ಲಿ. 2020-21 ಮತ್ತು 2021-22ರಲ್ಲಿ ಪುರುಷರ ತಂಡ ಸತತ ಎರಡು ಸಲ ಐ-ಲೀಗ್ ಚಾಂಪಿಯನ್.

ಇಲ್ಲಿ ಒಂದು ಬೇಸರದ ವಿಷಯ ಉಂಟು. ಆ ಎರಡು ಐ-ಲೀಗ್ ಸೀಸನ್‌ಗಳು ಕೋವಿಡ್ ಕಾರಣಕ್ಕೆ ಪಶ್ಚಿಮ ಬಂಗಾಳದಲ್ಲೇ ನಡೆದವು. ಕಲ್ಲಿಕೋಟೆಯ ತಂಡ ಎರಡು ಸಲ ದೇಶ ಗೆದ್ದರೂ ಕಲ್ಲಿಕೋಟೆಯ ಗ್ಯಾಲರಿ ಅದನ್ನು ಕಣ್ಣಾರೆ ನೋಡಲಿಲ್ಲ. ಜನ ಮೊಬೈಲ್, ಟಿವಿಯಲ್ಲೇ ನೋಡಿ ಪಟಾಕಿ ಹೊಡೆಯಬೇಕಾಯಿತು.

2023: ಬೆಂಗಳೂರಿನವರಿಗೆ ನೆನಪಿರುವ ಏಪ್ರಿಲ್

2023ರ ಏಪ್ರಿಲ್‌ನ ಸೂಪರ್ ಕಪ್ ಕೇರಳದ ಎರಡು ಕಡೆ ನಡೆಯಿತು, ಮಂಜೇರಿ ಮತ್ತು ಕಲ್ಲಿಕೋಟೆ. ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ಒಂದೇ ಗುಂಪಿನಲ್ಲಿ ಬಿದ್ದವು, ಪಂದ್ಯ ಕಲ್ಲಿಕೋಟೆಯಲ್ಲಿ.

ಅದಕ್ಕೂ ಮುಂಚೆ ಏನಾಗಿತ್ತು ಅನ್ನೋದು ಗೊತ್ತಿದ್ದರೆ ಮಾತ್ರ ಆ ಪಂದ್ಯದ ಬಿಸಿ ಅರ್ಥ ಆಗ್ತದೆ. ಮಾರ್ಚ್ 3ರಂದು ಬೆಂಗಳೂರಿನ ಕಂಠೀರವ ಸ್ಟೇಡಿಯಂನಲ್ಲಿ ಐಎಸ್ಎಲ್ ಪ್ಲೇಆಫ್. ಹೆಚ್ಚುವರಿ ಸಮಯದಲ್ಲಿ ಸುನಿಲ್ ಛೆಟ್ರಿ ಫ್ರೀಕಿಕ್ಕನ್ನು ಎದುರಾಳಿಗಳು ಸಜ್ಜಾಗೋ ಮುಂಚೆಯೇ ಹೊಡೆದು ಗೋಲ್ ಮಾಡಿದರು. ಗೋಲ್ ಕೊಟ್ಟಿದ್ದನ್ನು ಒಪ್ಪದೆ ಬ್ಲಾಸ್ಟರ್ಸ್ ತಂಡ ಮೈದಾನ ಬಿಟ್ಟು ಹೋಯಿತು. ಫುಟ್‌ಬಾಲ್ ಫೆಡರೇಷನ್ ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ ಹಾಕಿತು, ಕೋಚ್ ಇವಾನ್ ವುಕೊಮನೊವಿಚ್‌ಗೆ 10 ಪಂದ್ಯಗಳ ನಿಷೇಧ.

ಆರು ವಾರ ಕಳೆದು ಏಪ್ರಿಲ್ 16ರಂದು ಅದೇ ಎರಡು ತಂಡ ಕಲ್ಲಿಕೋಟೆಯಲ್ಲಿ ಎದುರಾದವು, ಈಗ ಕೇರಳದ ಜನರ ಎದುರು. ರಾಯ್ ಕೃಷ್ಣ ಬೆಂಗಳೂರಿಗೆ ಗೋಲ್ ಹೊಡೆದರು, ಡಿಯಮಾಂಟಕೋಸ್ ಸಮ ಮಾಡಿದರು. 1-1. ಡ್ರಾ ಆದರೂ ಸೆಮಿಫೈನಲ್‌ಗೆ ಹೋದದ್ದು ಬೆಂಗಳೂರು, ಮನೆಗೆ ಹೋದದ್ದು ಬ್ಲಾಸ್ಟರ್ಸ್.

ಸೆಮಿಫೈನಲ್‌ನಲ್ಲಿ ಬೆಂಗಳೂರು 2-0ರಿಂದ ಜಮ್‌ಶೆಡ್‌ಪುರವನ್ನು ಸೋಲಿಸಿತು. ಏಪ್ರಿಲ್ 25ರ ಫೈನಲ್‌ನಲ್ಲಿ ಎದುರಾಳಿ ಒಡಿಶಾ ಎಫ್‌ಸಿ. ಡಿಯಾಗೊ ಮೌರಿಸಿಯೊ ಮೊದಲಾರ್ಧದಲ್ಲೇ ಎರಡು ಗೋಲ್ ಹೊಡೆದರು. ಕೊನೆಗೆ ಛೆಟ್ರಿ ಪೆನಾಲ್ಟಿಯಲ್ಲಿ ಒಂದು ತಿರುಗಿಸಿದರೂ ಸಾಲಲಿಲ್ಲ. 2-1ರಿಂದ ಗೆದ್ದ ಒಡಿಶಾಕ್ಕೆ ಅದು ಮೊದಲ ದೊಡ್ಡ ಟ್ರೋಫಿ. ಡುರಾಂಡ್ ಕಪ್ ಗೆದ್ದು, ಐಎಸ್ಎಲ್ ಫೈನಲ್ ಪೆನಾಲ್ಟಿ ಶೂಟೌಟ್‌ನಲ್ಲಿ ಸೋತಿದ್ದ ಬೆಂಗಳೂರು ಎಫ್‌ಸಿಗೆ ಅದೇ ಸೀಸನ್‌ನ ಮೂರನೇ ಫೈನಲ್ ಅದು.

2024: ಮನೆಯಂಗಳದಲ್ಲೇ ಕಪ್

2024ರ ಸೆಪ್ಟೆಂಬರ್‌ನಲ್ಲಿ ಆರು ತಂಡಗಳ ಸೂಪರ್ ಲೀಗ್ ಕೇರಳ ಶುರುವಾಯಿತು. ಕ್ಯಾಲಿಕಟ್ ಎಫ್‌ಸಿ ಇಲ್ಲಿನ ತಂಡ. ಸ್ವಂತ ಮೈದಾನ ರೆಡಿ ಇಲ್ಲದ ಕಾರಣ ಕಣ್ಣೂರು ವಾರಿಯರ್ಸ್ ಕೂಡ ಮೊದಲ ಸೀಸನ್ನಿನ ಹೋಮ್ ಪಂದ್ಯ ಇಲ್ಲೇ ಆಡಿತು. ಒಂದೇ ಗ್ರೌಂಡಿಗೆ ಎರಡು ತಂಡ.

ನವೆಂಬರ್ 10ರ ಫೈನಲ್ ಕೂಡ ಇಲ್ಲೇ. ಕ್ಯಾಲಿಕಟ್ ಎಫ್‌ಸಿ 2-1ರಿಂದ ಫೋರ್ಸಾ ಕೊಚ್ಚಿಯನ್ನು ಸೋಲಿಸಿ ಮೊದಲ ಚಾಂಪಿಯನ್ ಆಯಿತು. ಗೋಕುಲಂ ಕಾಲದಲ್ಲಿ ದೂರದ ಬಂಗಾಳದಲ್ಲಿ ಆದದ್ದನ್ನು ಈ ಸಲ ಊರಿನ ಜನ ಗ್ಯಾಲರಿಯಲ್ಲಿ ನಿಂತು ನೋಡಿದರು.

ಸೌಲಭ್ಯ ಏನೇನಿದೆ?

ಗ್ಯಾಲರಿ: ಮೈದಾನದ ಸುತ್ತಲೂ ಕಾಂಕ್ರೀಟ್ ಮೆಟ್ಟಿಲಿನ ಗ್ಯಾಲರಿ. ಸಾಮರ್ಥ್ಯ ಸುಮಾರು 50,000 ಅಂತ ಲೆಕ್ಕ. ದೊಡ್ಡ ಭಾಗಕ್ಕೆ ಚಾವಣಿ ಇಲ್ಲ, ಮೇಲೆ ಆಕಾಶವೇ. ಸೂಪರ್ ಕಪ್ ಏಪ್ರಿಲ್‌ನಲ್ಲಿ ನಡೆದಾಗ ಸಂಜೆ 5ರ ಮ್ಯಾಚಿಗೆ ಬಂದವರು ಬೆವರಿನಲ್ಲಿ ಮಿಂದದ್ದೇ. ತುಲಾ ಮಳೆ ತಿಂಗಳಲ್ಲಿ, ಅಂದರೆ ಅಕ್ಟೋಬರ್-ನವೆಂಬರ್‌ನಲ್ಲಿ ಹೋಗುವವರು ಒಂದು ರೇನ್‌ಕೋಟ್ ಇಟ್ಟುಕೊಂಡರೆ ಒಳ್ಳೇದು. ಕೊಡೆ ಬಿಡಿಸಿದರೆ ಹಿಂದಿನವರು ಬಿಡೋದಿಲ್ಲ.

ಹುಲ್ಲು: ಇಲ್ಲಿರೋದು ನೈಸರ್ಗಿಕ ಹುಲ್ಲು. ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂನಲ್ಲಿರುವ ಹಾಗೆ ಕೃತಕ ಟರ್ಫ್ ಅಲ್ಲ. ಆಟಗಾರರ ಮಂಡಿ, ಪಾದಕ್ಕೆ ನೈಸರ್ಗಿಕ ಹುಲ್ಲೇ ಮೇಲು. ಆದರೆ ಖರ್ಚು, ಕೆಲಸ ಎರಡೂ ಜಾಸ್ತಿ. ದಿನಾ ನೀರು, ಸರಿಯಾದ ಎತ್ತರಕ್ಕೆ ಕತ್ತರಿಸೋದು, ಗೊಬ್ಬರ, ಮರಳು ಹರಡೋದು, ಕಳೆ ಕೀಳೋದು ನಿಲ್ಲಿಸುವ ಹಾಗಿಲ್ಲ. ಹುಲ್ಲಿನ ಕೆಳಗೆ ನೀರು ಇಳಿದು ಹೋಗುವ ವ್ಯವಸ್ಥೆ ಕೆಟ್ಟರೆ ಒಂದೇ ಮಳೆಗೆ ಗದ್ದೆ. ಮುಖ್ಯವಾಗಿ ಹುಲ್ಲಿಗೆ ವಿಶ್ರಾಂತಿ ಬೇಕು. ಸೂಪರ್ ಕಪ್ ಗುಂಪು ಪಂದ್ಯಗಳ ಸಮಯದಲ್ಲಿ ಸಂಜೆ ಒಂದು, ರಾತ್ರಿ 8.30ಕ್ಕೆ ಇನ್ನೊಂದು ಅಂತ ಒಂದೇ ದಿನ ಎರಡೆರಡು ಪಂದ್ಯ ನಡೆದವು. ಇಂಥ ಒತ್ತಡ ಬಿದ್ದಾಗ ಗೋಲ್ ಮುಂದಿನ ಜಾಗ ಮೊದಲು ಬೋಳಾಗೋದು.

ಫ್ಲಡ್‌ಲೈಟ್: ರಾತ್ರಿ ಪಂದ್ಯಕ್ಕೆ ಬೇಕಾದ ಬೆಳಕು ಇದೆ. ಟಿವಿ ನೇರ ಪ್ರಸಾರದ ಲೀಗುಗಳಿಗೆ ಇದು ಕಡ್ಡಾಯ. ಬರೀ ಆಟಗಾರರಿಗೆ ಕಾಣುವ ಬೆಳಕು ಸಾಕಾಗೋದಿಲ್ಲ, ಕ್ಯಾಮರಾಕ್ಕೆ ಅದಕ್ಕಿಂತ ಹೆಚ್ಚು ಬೇಕು. ಮೈದಾನದ ಯಾವ ಮೂಲೆಯಲ್ಲೂ ನೆರಳು ಬೀಳದ ಹಾಗೆ ಹಂಚಿರಬೇಕು.

ಅಂಗಡಿಗಳು: ಗ್ಯಾಲರಿ ಕೆಳಗಿನ ಕೋಣೆಗಳಲ್ಲಿ ವ್ಯಾಪಾರ ನಡೀತದೆ. ಮ್ಯಾಚ್ ದಿನ ಹೊರಗಡೆ ಜೆರ್ಸಿ, ಬಾವುಟ ಮಾರುವವರು ಕೂರ್ತಾರೆ. ಊಟ, ಚಾಯಕ್ಕೆ ದೂರ ಹೋಗಬೇಕಾಗಿಲ್ಲ, ಸುತ್ತಮುತ್ತ ಹೋಟೆಲ್ ಬೇಕಾದಷ್ಟಿವೆ.

ಪಾರ್ಕಿಂಗ್: ಇದೇ ದೊಡ್ಡ ತೊಂದರೆ. ನಗರದ ಮಧ್ಯೆ ಇರೋದರಿಂದ ದೊಡ್ಡ ಪಂದ್ಯದ ದಿನ ಕಾರು ತರೋದು ಬೇಡ. ಬಸ್ಸು, ರೈಲು, ಆಟೋ ಉತ್ತಮ.

ಪಾಲಿಕೆಯ ಆಸ್ತಿ ಆದರೆ ಲಾಭ ಏನು, ಕಷ್ಟ ಏನು?

ದೇಶದ ಹೆಚ್ಚಿನ ದೊಡ್ಡ ಸ್ಟೇಡಿಯಂಗಳು ರಾಜ್ಯ ಸರ್ಕಾರದ್ದೋ, ಅಭಿವೃದ್ಧಿ ಪ್ರಾಧಿಕಾರದ್ದೋ ಆಗಿರುತ್ತವೆ. ಬೆಂಗಳೂರಿನ ಕಂಠೀರವ ರಾಜ್ಯ ಸರ್ಕಾರದ್ದು. ಕೊಚ್ಚಿಯ ಜವಾಹರಲಾಲ್ ನೆಹರೂ ಸ್ಟೇಡಿಯಂ ಅಲ್ಲಿನ ಅಭಿವೃದ್ಧಿ ಪ್ರಾಧಿಕಾರದ್ದು. ಕಲ್ಲಿಕೋಟೆಯದ್ದು ನೇರ ಪಾಲಿಕೆಯದ್ದು.

ಲಾಭ ಏನೆಂದರೆ, ನಿರ್ಧಾರ ಮಾಡುವವರು ಊರಲ್ಲೇ ಇರ್ತಾರೆ. ಹುಲ್ಲು ಹಾಳಾದರೆ, ಟಾಯ್ಲೆಟ್ ಗಬ್ಬು ನಾರಿದರೆ ಜನ ಹೋಗಿ ಕೇಳೋದು ತಮ್ಮ ವಾರ್ಡಿನ ಕೌನ್ಸಿಲರ್ ಹತ್ತಿರ. ಸ್ಟೇಡಿಯಂ ವಿಷಯ ಕೌನ್ಸಿಲ್ ಸಭೆಯಲ್ಲಿ ಚರ್ಚೆಗೆ ಬರುತ್ತದೆ, ಪೇಪರಿನಲ್ಲಿ ಬರುತ್ತದೆ, ಮೇಯರ್ ಉತ್ತರ ಕೊಡಬೇಕಾಗ್ತದೆ. ಊರಿನ ತಂಡ ಬಾಡಿಗೆಗೆ ಕೇಳಿದಾಗಲೂ ಮಾತುಕತೆ ಊರಲ್ಲೇ ಮುಗಿಯುತ್ತದೆ.

ಕಷ್ಟವೂ ಅಲ್ಲೇ ಇದೆ. ಪಾಲಿಕೆ ಖಜಾನೆಯಲ್ಲಿ ಒಂದು ರೂಪಾಯಿ ಇದ್ದರೆ ಅದನ್ನು ಚರಂಡಿಗೆ ಹಾಕೋದಾ, ಹುಲ್ಲಿಗೆ ಹಾಕೋದಾ ಅಂತ ಪ್ರಶ್ನೆ ಬರ್ತದೆ. ಮಳೆಗಾಲದಲ್ಲಿ ಬೀದಿಯಲ್ಲಿ ನೀರು ನಿಂತಾಗ ಸ್ಟೇಡಿಯಂ ಖರ್ಚಿನ ಪರವಾಗಿ ಮಾತಾಡುವ ಕೌನ್ಸಿಲರ್ ಸಿಗೋದು ಕಷ್ಟ. ಹಾಗಾಗಿ ದುರಸ್ತಿ ಅನ್ನೋದು ದೊಡ್ಡ ಕೂಟದ ಹೆಸರಲ್ಲಿ ಬರುವ ಸರ್ಕಾರಿ ದುಡ್ಡಿಗೆ ಕಾಯುವ ಹಾಗೆ ಆಗ್ತದೆ. ಈ ಸ್ಟೇಡಿಯಂನ ಇತಿಹಾಸದಲ್ಲಿ ಕಂಡದ್ದು ಇದನ್ನೇ.

ಅಂಗಡಿ ಬಾಡಿಗೆ ಈ ಹೊರೆಯನ್ನು ಸ್ವಲ್ಪ ಹಗುರ ಮಾಡಬಹುದು. ಅದು ಕೂತು ಬರುವ ದುಡ್ಡು. ಆದರೆ ಗ್ಯಾಲರಿ ಕೆಳಗೆ ಅಂಗಡಿ ಇರುವ ಕಟ್ಟಡದಲ್ಲಿ ದೊಡ್ಡ ಮಟ್ಟದ ದುರಸ್ತಿ ಮಾಡಬೇಕಾದರೆ ಅಂಗಡಿಯವರನ್ನು ಎಲ್ಲಿಗೆ ಕಳಿಸೋದು ಅನ್ನೋ ಪ್ರಶ್ನೆಯೂ ಜೊತೆಗೇ ಬರುತ್ತದೆ. ಅವರಲ್ಲಿ ವರ್ಷಗಳಿಂದ ಅಲ್ಲೇ ಹೊಟ್ಟೆ ಹೊರೆಯುವವರು ಇರ್ತಾರೆ.

ಕ್ಲಬ್ಬುಗಳು ಬಂದ ಮೇಲೆ ಒಂದು ವ್ಯತ್ಯಾಸ ಆಯಿತು. ವರ್ಷಕ್ಕೆ ಇಷ್ಟು ಪಂದ್ಯ ಖಂಡಿತ ಅಂತಾದಾಗ ನಿರ್ವಹಣೆಯ ಕೆಲಸವನ್ನು ಮುಂದೂಡುವುದು ಸುಲಭ ಅಲ್ಲ. ಲೀಗಿನವರು ಬಂದು ಪರಿಶೀಲನೆ ಮಾಡ್ತಾರೆ, ಸರಿ ಇಲ್ಲದಿದ್ದರೆ ಪಂದ್ಯ ಮಂಜೇರಿಗೆ ಹೋಗ್ತದೆ. 2022-23ರಲ್ಲಿ ಗೋಕುಲಂ ತನ್ನ ಕೆಲವು ಹೋಮ್ ಪಂದ್ಯಗಳನ್ನು ಮಂಜೇರಿಯಲ್ಲೇ ಆಡಿದ್ದು ನೆನಪಿಟ್ಟುಕೊಳ್ಳಬೇಕು. ಪಕ್ಕದ ಜಿಲ್ಲೆಯಲ್ಲಿ ಒಳ್ಳೇ ಮೈದಾನ ಇರೋದು ಕಲ್ಲಿಕೋಟೆ ಪಾಲಿಕೆಗೆ ಒಂದು ಎಚ್ಚರಿಕೆ ಗಂಟೆ.

ಮಂಗಳೂರಿನ ಮಟ್ಟಿಗೆ ಹೇಳುವುದಾದರೆ, ನೆಹರೂ ಮೈದಾನದಲ್ಲಿ ಫುಟ್‌ಬಾಲ್ ನಡೀತಾ ಇದೆ, ಆಡುವ ಹುಡುಗರಿಗೆ ಕೊರತೆ ಇಲ್ಲ. ದೊಡ್ಡ ಫುಟ್‌ಬಾಲ್ ಸ್ಟೇಡಿಯಂ ಬೇಕು ಅನ್ನುವ ಮಾತು ಬಂದಾಗಲೆಲ್ಲ ಕಲ್ಲಿಕೋಟೆಯ ಉದಾಹರಣೆ ಪೂರ್ತಿ ನೋಡೋದು ಒಳ್ಳೇದು. ಅಲ್ಲಿ ಕಟ್ಟಡ 1977ರಲ್ಲೇ ಎದ್ದಿತು. ಪ್ರತಿ ವರ್ಷ ಆಡುವ ತಂಡ ನೆಲೆಯೂರಲಿಕ್ಕೆ ಮತ್ತೆ ಎಷ್ಟೋ ವರ್ಷ ಬೇಕಾಯಿತು.

ಹೋಗೋದು ಹೇಗೆ?

ರೈಲು: ಮಂಗಳೂರಿನಿಂದ ಕಲ್ಲಿಕೋಟೆಗೆ ರೈಲಿನಲ್ಲಿ ಸುಮಾರು 220 ಕಿ.ಮೀ. ಪರಶುರಾಮ್, ಏರನಾಡು, ಮಾವೇಲಿ, ಮಲಬಾರ್ ಎಕ್ಸ್‌ಪ್ರೆಸ್ ರೈಲುಗಳು ಕಾಸರಗೋಡು, ಕಣ್ಣೂರು ಮೇಲೆ ಹೋಗ್ತವೆ. ಸಾಮಾನ್ಯವಾಗಿ ನಾಲ್ಕರಿಂದ ಐದು ಗಂಟೆ. ವಂದೇ ಭಾರತ್‌ಗೂ ಕಲ್ಲಿಕೋಟೆಯಲ್ಲಿ ನಿಲುಗಡೆ ಇದೆ. ಟಿಕೆಟ್ ಬುಕ್ ಮಾಡುವಾಗ ಸ್ಟೇಷನ್ ಹೆಸರು ‘ಕೋಳಿಕ್ಕೋಡ್’ ಅಂತ ಇರ್ತದೆ. ಸ್ಟೇಷನ್‌ನಿಂದ ಆಟೋದಲ್ಲಿ ಕೆಲವೇ ನಿಮಿಷ.

ರಸ್ತೆ: ಮಂಗಳೂರು, ಕಾಸರಗೋಡು ಕಡೆಯಿಂದ ರಾಷ್ಟ್ರೀಯ ಹೆದ್ದಾರಿ 66. ಮೈಸೂರು ಕಡೆಯವರು ಗುಂಡ್ಲುಪೇಟೆ, ಸುಲ್ತಾನ್ ಬತ್ತೇರಿ, ತಾಮರಶ್ಶೇರಿ ಘಾಟಿ ಮೇಲೆ ರಾಷ್ಟ್ರೀಯ ಹೆದ್ದಾರಿ 766ರಲ್ಲಿ ಬರಬೇಕು. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿರ್ಬಂಧ ಇದೆ. ರಾತ್ರಿ ಮ್ಯಾಚ್ ಮುಗಿಸಿ ತಕ್ಷಣ ಹೊರಟರೆ ಗೇಟಿನಲ್ಲಿ ಕಾಯಬೇಕಾಗ್ತದೆ. ಕಲ್ಲಿಕೋಟೆಯಲ್ಲೇ ಉಳಿದು ಬೆಳಿಗ್ಗೆ ಹೊರಡೋದು ವಾಸಿ.

ವಿಮಾನ: ಕರಿಪ್ಪೂರಿನ ಕ್ಯಾಲಿಕಟ್ ವಿಮಾನ ನಿಲ್ದಾಣ ಮಲಪ್ಪುರಂ ಜಿಲ್ಲೆಯಲ್ಲಿದೆ, ಕಲ್ಲಿಕೋಟೆ ನಗರದಿಂದ ಒಂದು ಗಂಟೆ ದಾರಿ.

ಹೊರಡೋ ಮುಂಚೆ ಎರಡು ವಿಷಯ ನೋಡಿಕೊಳ್ಳಿ. ಒಂದು, ಪಂದ್ಯ ಕಲ್ಲಿಕೋಟೆಯಲ್ಲೋ ಮಂಜೇರಿಯಲ್ಲೋ ಅನ್ನೋದು. ಕೊನೇ ಗಳಿಗೆಯಲ್ಲಿ ಜಾಗ ಬದಲಾಗೋದು ಭಾರತೀಯ ಫುಟ್‌ಬಾಲ್‌ನಲ್ಲಿ ಹೊಸದಲ್ಲ. ಎರಡು, ವಾಪಸ್ ರೈಲಿನ ಸಮಯ. ರಾತ್ರಿ ಪಂದ್ಯ ಹೆಚ್ಚುವರಿ ಸಮಯಕ್ಕೆ, ಪೆನಾಲ್ಟಿಗೆ ಹೋದರೆ ಮುಗಿಯುವಾಗ 11 ದಾಟಬಹುದು.

ಪ್ರಮುಖ ವರ್ಷಗಳು

- 1952: ಮಾನಾಂಚಿರದಲ್ಲಿ ನಾಗ್ಜೀ ಟೂರ್ನಿ ಆರಂಭ
- 1962: ಕೋಳಿಕ್ಕೋಡ್ ಮಹಾನಗರ ಪಾಲಿಕೆ ರಚನೆ
- 1977: ಕಾರ್ಪೊರೇಷನ್ ಸ್ಟೇಡಿಯಂ ನಿರ್ಮಾಣ
- 1980: ಕಲ್ಲಿಕೋಟೆಯಲ್ಲಿ ಏಷ್ಯನ್ ಮಹಿಳಾ ಚಾಂಪಿಯನ್‌ಶಿಪ್, ಭಾರತ ರನ್ನರ್ ಅಪ್
- 1987: ನೆಹರೂ ಕಪ್, ಸೋವಿಯತ್ ಯೂನಿಯನ್ ಚಾಂಪಿಯನ್
- 1995: ನಾಗ್ಜೀ ಸ್ಥಗಿತ
- 2015: ರಾಷ್ಟ್ರೀಯ ಕ್ರೀಡಾಕೂಟದ ಫುಟ್‌ಬಾಲ್
- 2016: ವಿದೇಶಿ ತಂಡಗಳೊಂದಿಗೆ ನಾಗ್ಜೀ ಪುನರಾರಂಭ, ನಿಪ್ರೊ ಚಾಂಪಿಯನ್
- 2017: ಗೋಕುಲಂ ಕೇರಳ ಎಫ್‌ಸಿ ಹೋಮ್ ಗ್ರೌಂಡ್
- 2023: ಸೂಪರ್ ಕಪ್ ಫೈನಲ್, ಒಡಿಶಾ 2-1 ಬೆಂಗಳೂರು
- 2024: ಸೂಪರ್ ಲೀಗ್ ಕೇರಳ ಫೈನಲ್, ಕ್ಯಾಲಿಕಟ್ ಎಫ್‌ಸಿ 2-1 ಫೋರ್ಸಾ ಕೊಚ್ಚಿ